ನಮ್ಮ ಕೇರಿ ಕೇರೆಯಾದದ್ದು

ನಾಲ್ಕನೇ ತರಗತಿ ಓದುವ ನನ್ನ ಮಗಳು ಬರೆದ ಪ್ರಬಂಧವೊಂದರಲ್ಲಿ ನಾವೆಲ್ಲ ಹಾವಿನೊಳಗೆ ಸಂಸಾರ ಮಾಡಿಕೊಂಡಿದ್ದೆವು. ‘ನಮ್ಮ ಕೇರೆಯಲ್ಲಿ ತುಂಬಾ ಮನೆಗಳಿವೆ’ ಎಂದು ಬರೆದಿದ್ದಳು. ಕೇರೆ ಎಂದರೆ ಹೊಲದ ಬದುವಿನಲ್ಲಿ ಇಲಿ ಹಿಡಿದು ತಿನ್ನುವ, ಯಾರ ತಂಟೆಗೂ ಹೋಗದ ಉದ್ದನೆಯ ಹಾವು. ಅವಳು ಬರೆಯಬೇಕಿದ್ದದ್ದು ಕೇರಿ ಎಂದು. ಇಕಾರದ ಒಂದು ಗುಡಿಸು ಹೋಗಿ ಎಕಾರದ ಎತ್ವ ಬಂದಿತ್ತು, ಅಷ್ಟೆ. ಕೇಳಿದವರೆಲ್ಲ ನಕ್ಕರು. ನನಗೆ ಆಗಲೂ ನಗು ಬರಲಿಲ್ಲ, ಈಗಲೂ ಬರುವುದಿಲ್ಲ. ಆ ಗುಡಿಸನ್ನು ಗುಡಿಸಿ ಹಾಕಿದವರು ಯಾರು, ಅದರ ಜೊತೆಗೆ ನಮ್ಮ ಮನೆಯಿಂದ ಇನ್ನೇನನ್ನು ಗುಡಿಸಿ ಹಾಕಿದರು ಎನ್ನುವುದು ನನಗೆ ಗೊತ್ತಿದೆ.

ನಮ್ಮ ಮನೆ ಇರುವುದು ಕೊಟ್ಟೂರಿನಲ್ಲಿ. ನಾನು ದಿನಾ ಬಸ್ಸಿನಲ್ಲಿ ಹಗರಿಬೊಮ್ಮನಹಳ್ಳಿಗೆ ಹೋಗಿ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ ಕೆಲಸ ಮಾಡುತ್ತೇನೆ. ಗಂಡ ಲೈನ್‌ಮನ್. ನಮ್ಮ ಎರಡೂ ಮನೆತನಗಳಲ್ಲಿ ತಿಂಗಳ ಸಂಬಳ ಕಂಡ ಮೊದಲ ತಲೆಮಾರು ನಾವೇ. ಬೆಳಗಿನಿಂದ ಸಂಜೆಯವರೆಗೆ ನನ್ನ ಕೈ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಟೈಪ್ ಮಾಡುತ್ತಿರುತ್ತದೆ. ಅದೇ ಹೊತ್ತಿಗೆ ನನ್ನ ಬಾಯಿ, ಎದುರಿಗೆ ಅರ್ಜಿ ಹಿಡಿದು ನಿಂತವರಿಗೆ ‘ಸಾಹೇಬ್ರು ಊಟಕ್ಕ ಹೋಗ್ಯಾರ, ಕುಂದ್ರಿ ಒಂದೀಟು’ ಎನ್ನುತ್ತಿರುತ್ತದೆ. ಬಾಯಿ ಹೇಳಿದ್ದನ್ನು ಕೈ ಕದ್ದು ಬರೆದದ್ದಿಲ್ಲ. ಕೈ ಬರೆದದ್ದನ್ನು ಬಾಯಿ ಅಣಕಿಸಿದ್ದೂ ಇಲ್ಲ. ನಮ್ಮ ಸೀಮೆಯಲ್ಲಿ ಓದು ಕಲಿತವರೆಲ್ಲ ಹೀಗೆಯೇ ಬದುಕುತ್ತಾರೆ. ಬಾಯಿಗೆ ಮನಿ, ಹಾಳೆಗೆ ಮನೆ. ಬಾಯಿಗೆ ಸಂತಿ, ಹಾಳೆಗೆ ಸಂತೆ. ಇದರಲ್ಲಿ ನಾಚಿಕೆಪಡುವುದೇನಿದೆ ಎಂದು ನನಗೆ ಆವತ್ತಿನವರೆಗೆ ಹೊಳೆದೇ ಇರಲಿಲ್ಲ.

ಆವತ್ತು ಎಂದರೆ ಮಗಳ ಶಾಲೆಯಲ್ಲಿ ಪಾಲಕರ ಸಭೆ ಇದ್ದ ದಿನ. ಕನ್ನಡದ ಟೀಚರು ಸಣ್ಣ ವಯಸ್ಸಿನವರು. ಟಿ.ವಿ.ಯಲ್ಲಿ ವಾರ್ತೆ ಓದುವವರ ಹಾಗೆ ಒಂದೊಂದು ಪದವನ್ನೂ ಇಸ್ತ್ರಿ ಮಾಡಿ ಮಾತಾಡುತ್ತಾರೆ. ಅವರು ಮಗಳ ಶುದ್ಧಬರಹದ ಹಾಳೆಯನ್ನು ನನ್ನ ಮುಂದೆ ಬಿಡಿಸಿಟ್ಟರು. ಮನಿ, ಕೆರಿ, ಹೊಟ್ಟಿ, ಎಮ್ಮಿ, ಎಲ್ಲದರ ಸುತ್ತಲೂ ಕೆಂಪು ಸುತ್ತು. ತಪ್ಪು ತಪ್ಪೇ. ಹಾಳೆಯಲ್ಲಿ ಮನೆ ಎಂದೇ ಇರಬೇಕು. ನಾನು ಅದಕ್ಕೆ ತಕರಾರು ಮಾಡುವವಳಲ್ಲ.

“ಮಗು ಶಾರ್ಪ್ ಇದಾಳೆ ಮೇಡಂ. ಆದ್ರೆ ಇವೆಲ್ಲ ಶಾಲೆಯಲ್ಲಿ ಬರೋ ತಪ್ಪುಗಳಲ್ಲ, ಮನೆಯಿಂದ ಬರೋ ತಪ್ಪುಗಳು. ಮನೆಯಲ್ಲಿ ಯಾರಿದಾರೆ?” ಎಂದರು ಟೀಚರು.

“ನಾವಿಬ್ರು, ಮತ್ತ ಆಕಿ ಅಜ್ಜಿ ಅದಾರ್ರಿ,” ಎಂದೆ.

“ಅದೇ ನೋಡಿ. ಅಜ್ಜಿ ಜೊತೆ ಜಾಸ್ತಿ ಮಾತಾಡೋಕೆ ಬಿಡಬೇಡಿ. ಆ ಕೇರಿ ಭಾಷೆ ಒಮ್ಮೆ ನಾಲಿಗೆಗೆ ಅಂಟಿದ್ರೆ ಹೋಗಲ್ಲ.”

ನಮ್ಮ ಕಡೆ ಓಣಿ ಎಲ್ಲರಿಗೂ ಇದೆ. ಕೇರಿ ಎಂದು ಒತ್ತಿ ಹೇಳಿದರೆ ಯಾರ ಕೇರಿ ಎಂದು ಯಾರೂ ತಿರುಗಿ ಕೇಳುವುದಿಲ್ಲ. ನಾನು ಕೇಳಿದೆ.

“ಕೇರಿ ಭಾಷಿ ಅಂದ್ರ ಯಾವ್ದ್ರಿ ಟೀಚರ್?”

“ಜನರಲ್ ಆಗಿ ಹೇಳಿದೆ ಮೇಡಂ, ತಪ್ಪು ತಿಳ್ಕೋಬೇಡಿ.”

ನನ್ನ ಹಿಂದೆ ಸಾಲಿನಲ್ಲಿ ಕಾಳಿನ ವ್ಯಾಪಾರದ ಸಾಹುಕಾರರೊಬ್ಬರು ನಿಂತಿದ್ದರು. ಅವರೂ ಹುಟ್ಟಿದಾಗಿನಿಂದ ಮನಿ ಎಂದೇ ಅನ್ನುವವರು. ಅವರ ಮಗನ ಹಾಳೆಯಲ್ಲೂ ಅವೇ ಪದಗಳು, ಅವೇ ಕೆಂಪು ಸುತ್ತುಗಳು. ನಾನು ಬಾಗಿಲ ಹತ್ತಿರ ನಿಂತು ಬೇಕೆಂದೇ ಕೇಳಿಸಿಕೊಂಡೆ. ಟೀಚರು ಅವರಿಗೆ, “ಸ್ವಲ್ಪ ಪ್ರಾಕ್ಟೀಸ್ ಮಾಡಿಸಿ ಸರ್, ಸರಿಹೋಗತ್ತೆ,” ಎಂದರು. ಅದೇ ತಪ್ಪಿಗೆ ಅವರಿಗೆ ಪ್ರಾಕ್ಟೀಸು, ನಮಗೆ ಕೇರಿ. ನನ್ನ ಪಿತ್ತ ನೆತ್ತಿಗೇರಿತು. ಮಗಳ ಕೈ ನನ್ನ ಕೈಯಲ್ಲಿತ್ತು, ಅವಳೂ ಎಲ್ಲವನ್ನೂ ಕೇಳಿಸಿಕೊಂಡಿದ್ದಳು ಎನ್ನುವುದು ಸಿಟ್ಟಿನ ಭರದಲ್ಲಿ ನನ್ನ ಗಮನಕ್ಕೆ ಬರಲಿಲ್ಲ.

ಮನೆಯಲ್ಲಿ ನಮ್ಮತ್ತೆ ಹೊಸ್ತಿಲ ಮೇಲೇ ಕಾಯುತ್ತಿದ್ದರು. ನಮ್ಮತ್ತೆಯ ಬಗ್ಗೆ ಹೇಳಬೇಕೆಂದರೆ ಮೊದಲು ಅವರ ಬಾಯಿಯ ಬಗ್ಗೆಯೇ ಹೇಳಬೇಕು. ಕೂಲಿಗೆ ಹೋಗಿ ನನ್ನ ಗಂಡನನ್ನು ಓದಿಸಿದವರು, ಅಕ್ಷರ ಬಾರದವರು, ಆದರೆ ಮಾತಿಗೆ ಬರ ಎನ್ನುವುದನ್ನು ಕಂಡವರಲ್ಲ. ಅವರು ಕಟ್ಟಿಗೆಯೊಡನೆ ಮಾತಾಡುತ್ತಿದ್ದರು, ತಾವು ಸಾಕಿದ ಕುರಿಮರಿಯೊಡನೆ ಮಾತಾಡುತ್ತಿದ್ದರು, ಉಕ್ಕಲು ಬಂದ ಹಾಲನ್ನು ‘ತಡಿಯಲೇ, ಎಲ್ಲಿಗೆ ಹೊಂಟಿ’ ಎಂದು ಬೈಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅವರ ಮಾತಿನಿಂದ ನನಗೆ ತಲೆನೋವು ಬರುತ್ತಿತ್ತು. ಅತ್ತೆಯನ್ನು ನಾವು ಅತ್ತಿ ಎನ್ನುತ್ತೇವಲ್ಲ, ‘ಅತ್ತಿ ಅಂದ್ರ ಮರ ಇದ್ದಂಗ, ಹಣ್ಣೂ ಉದುರ್ತಾವ, ಹುಳಾನೂ ಉದುರ್ತಾವ, ನೀನು ಆರಿಸ್ಕೊಂಡು ತಿನ್ನಬೇಕವ್ವ’ ಎಂದು ಅವರೇ ಹೇಳಿ ನಗಿಸಿದ್ದರು. ನನ್ನ ಮಗಳು ಮಾತು ಕಲಿತದ್ದು ಅವರ ತೊಡೆಯ ಮೇಲೆ.

“ಬಂದ್ಯಾ ನನ್ನವ್ವ, ಹೊಟ್ಟಿ ಹಸ್ತೈತೇನು? ರೊಟ್ಟಿ ಮುರದು ಹಾಲಾಗ ಹಾಕ್ಲ್ಯಾ?” ಎಂದು ಅವರು ಮೊಮ್ಮಗಳ ಗದ್ದ ಹಿಡಿದರು.

ಮಗಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. “ಅಜ್ಜಿ, ನೀ ನನ್ನ ಜೊತಿ ಮಾತಾಡಬ್ಯಾಡ. ನೀ ಮಾತಾಡಿದ್ರ ನಂಗ ತಪ್ಪು ಬೀಳ್ತಾವ.”

ಅತ್ತೆ ನನ್ನ ಮುಖ ನೋಡಿದರು. ಶಾಲೆಯಲ್ಲಿ ಆದದ್ದನ್ನು ಹೇಳದೆ ಗತಿಯಿರಲಿಲ್ಲ. ಕೇರಿ ಎನ್ನುವ ಮಾತನ್ನು ನುಂಗಿಕೊಂಡು ಉಳಿದದ್ದನ್ನು ಹೇಳಿದೆ. ನುಂಗಿದ್ದೂ ಅವರಿಗೆ ಕೇಳಿಸಿತು ಎಂದು ಕಾಣುತ್ತದೆ.

“ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ,” ಎಂದರು. ಆಮೇಲೆ, “ಇರ್ಲಿ ಬಿಡವ್ವ. ಆಕಿ ಪಾಸಾಗ್ಲಿ. ಆಕಿ ಮುಂದ ನಾ ಬಾಯಿ ಮುಚ್ಕೊಂಡು ಇರ್ತೀನಿ,” ಎಂದರು.

ಸಿಟ್ಟಿಗೆ ಹೇಳಿದ ಮಾತು, ಮರುದಿನಕ್ಕೆ ಮರೆತುಹೋಗುತ್ತದೆ ಎಂದುಕೊಂಡೆ. ಮರೆಯಲಿಲ್ಲ. ಮೊಮ್ಮಗಳು ಮನೆಯೊಳಗೆ ಕಾಲಿಟ್ಟರೆ ಅತ್ತೆಯ ಬಾಯಿಗೆ ಬೀಗ. ಊಟಕ್ಕೆ ಕರೆಯಬೇಕಾದರೆ ತಟ್ಟೆ ಬಡಿಯುವರು. ಜಡೆ ಹಾಕಬೇಕಾದರೆ ಬಾಚಣಿಗೆ ತೋರಿಸುವರು. ಬೇಳೆ ಬೆಂದಿದೆಯೋ ನೋಡು ಎಂದು ನನಗೆ ಹೇಳಬೇಕಾದರೂ, ಮಗು ಪಕ್ಕದಲ್ಲಿದ್ದರೆ ಕಣ್ಣಿನಲ್ಲೇ ಸನ್ನೆ. ಕುರಿಮರಿ ಕೂಡ ಅವರ ಸುತ್ತ ಸುತ್ತಿ ಮುಖ ನೋಡುತ್ತಿತ್ತು. ತಾನು ಕಟ್ಟಿ ಬೆಳೆಸಿದ ಮನೆಯಲ್ಲಿ ಒಬ್ಬ ಹೆಂಗಸು, ಮೊಮ್ಮಗಳಿಗೆ ಅಂಕ ಸಿಗಲೆಂದು, ಮೂಗಿಯಂತೆ ಬದುಕಬೇಕೇನು? ಯಾವ ವ್ಯಾಕರಣದಲ್ಲಿ ಹೀಗೆ ಬರೆದಿದೆ? ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮಗಳದಂತೂ ಇನ್ನೊಂದು ಕತೆ. ಮನೆಗೆ ಬಂದರೆ ಚಪ್ಪಲಿ ಬಿಚ್ಚುವ ಮೊದಲೇ ಶಾಲೆಯ ಪುರಾಣವನ್ನೆಲ್ಲ ಬಿಚ್ಚುತ್ತಿದ್ದವಳು ಈಗ ಅಳೆದು ತೂಗಿ ಮಾತಾಡತೊಡಗಿದಳು. ಅವ್ವ ಹೋಗಿ ಅಮ್ಮ ಆದೆ. ‘ಅಮ್ಮ, ನನಗೆ ನೀರು ಬೇಕು’ ಎಂದು ಪಾಠ ಒಪ್ಪಿಸಿದಂತೆ ಹೇಳಿ ಸುಮ್ಮನಾಗುವಳು. ಯಾವ ಪದ ತಪ್ಪೋ ಯಾವುದು ಸರಿಯೋ ತಿಳಿಯದಿದ್ದರೆ ಆ ಮಾತನ್ನೇ ಬಿಡುವಳು. ಹೀಗೆ ಬಿಟ್ಟು ಬಿಟ್ಟು ಕೊನೆಗೆ ಆಡುವುದಕ್ಕೆ ಅವಳಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಬಾಯಿಗೊಂದು ಕೈಗೊಂದು ಎಂದು ನಾನು ಎಷ್ಟು ತಿಳಿಹೇಳಿದರೂ, ‘ಟೀಚರ್ ಹೇಳಿದ್ದಾರೆ’ ಎನ್ನುವಳು. ಆ ವಯಸ್ಸಿನ ಮಕ್ಕಳಿಗೆ ಟೀಚರ ಮಾತಿನ ಮುಂದೆ ತಾಯಿಯ ಮಾತು ಯಾವ ಲೆಕ್ಕ?

ಗಂಡ ಇದನ್ನು ಹಗುರಾಗಿ ತೆಗೆದುಕೊಂಡರು. “ನಮ್ಮವ್ವ ಒಂದೀಟು ದಿನ ಸುಮ್ನಿದ್ರ ಏನಾತೀಗ? ಕೂಸು ಸುಧಾರಿಸ್ತೈತಲ್ಲ,” ಎಂದರು.

“ಆ ಮಾತು ಆಡಾಕ ನಿಮಗ ಕಲಿಸಿದ್ದು ಯಾರ್ರಿ? ಅವ್ರು ಕಲಿಸಿದ ಬಾಯಿಲೆ ಅವ್ರ ಬಾಯಿ ಮುಚ್ಚಸಾಕ ಹೊಂಟೀರಲ್ಲ,” ಎಂದೆ. ಅವರು ಟಾರ್ಚು ತೆಗೆದುಕೊಂಡು ಯಾವುದೋ ಕಂಬ ನೋಡಬೇಕೆಂದು ಹೊರಟುಹೋದರು. ನಮ್ಮ ಮನೆಯಲ್ಲಿ ಜಗಳ ಬಂದಾಗಲೆಲ್ಲ ಊರಿನ ಯಾವುದಾದರೊಂದು ಕಂಬಕ್ಕೆ ತೊಂದರೆಯಾಗುತ್ತದೆ.

ಹೀಗಿರುವಾಗ ಒಂದು ರಜೆಗೆ ಮಗಳನ್ನು ಕರೆದುಕೊಂಡು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಗೆ, ನನ್ನ ತವರಿಗೆ ಹೊರಟೆ. ಹರಪನಹಳ್ಳಿಯ ಬಸ್ ನಿಲ್ದಾಣದಲ್ಲಿ ಬಸ್ಸು ಬದಲಿಸಬೇಕಿತ್ತು. ಕಾಯುತ್ತ ಕುಳಿತಿದ್ದಾಗ ಬಸ್ಸುಗಳ ಬೋರ್ಡು ಓದಲು ಹೇಳಿದೆ. ಮಕ್ಕಳಿಗೆ ಅಕ್ಷರ ರೂಢಿಯಾಗಲು ಅದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ನಾನೂ ಹಾಗೆಯೇ ಕಲಿತವಳು. ಅವಳು ಹಡಗಲಿಯ ಬಸ್ಸನ್ನು ನೋಡಿದಳು, ಕೂಡ್ಲಿಗಿಯ ಬಸ್ಸನ್ನು ನೋಡಿದಳು, ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, “ಅಮ್ಮ, ಬೋರ್ಡ್ ಬರೆದವರಿಗೆ ಕನ್ನಡ ಬರಲ್ವಾ? ಹಡಗಲಿ ಅಂತ ತಪ್ಪು ಬರೆದಿದ್ದಾರೆ. ಹಡಗಲೆ ಅಲ್ವಾ?” ಎಂದಳು.

“ಮತ್ತ ಕೂಡ್ಲಿಗಿ?” ಎಂದೆ.

“ಕೂಡ್ಲಿಗೆ.”

“ಹರಪನಹಳ್ಳಿ?”

ಅವಳು ಸುತ್ತಲೂ ನೋಡಿ, ಇಷ್ಟು ದೊಡ್ಡ ನಿಲ್ದಾಣದಲ್ಲಿ ಊರಿನ ಹೆಸರನ್ನೇ ತಪ್ಪು ಬರೆದಿದ್ದಾರಲ್ಲ ಎನ್ನುವ ಸಂಕಟದಲ್ಲಿ, “ಹರಪನಹಳ್ಳೆ,” ಎಂದಳು.

ಆಗ ನನಗೆ ಅರ್ಥವಾಯಿತು. ಮಗು ಪದಗಳನ್ನು ಕಲಿತಿರಲಿಲ್ಲ, ಹೆದರಿಕೆಯನ್ನು ಕಲಿತಿತ್ತು. ಮನಿ ತಪ್ಪು, ಸಂತಿ ತಪ್ಪು, ಕೆರಿ ತಪ್ಪು ಎಂದು ಬೈಸಿಕೊಂಡು ಬೈಸಿಕೊಂಡು, ಕೊನೆಯಲ್ಲಿ ಗುಡಿಸು ಬಂದರೆ ಅದು ಅಜ್ಜಿಯ ಮಾತು, ಅಜ್ಜಿಯ ಮಾತೆಂದರೆ ತಪ್ಪು ಎಂದು ತೀರ್ಮಾನಿಸಿಕೊಂಡಿದ್ದಳು. ಅದಕ್ಕೇ ಕಂಡಲ್ಲೆಲ್ಲ ಗುಡಿಸು ಕಿತ್ತು ಎತ್ವ ಹಚ್ಚುತ್ತಿದ್ದಳು. ಮೈಸೂರಿನ ಕಡೆಯ ಮಗು ಈ ತಪ್ಪು ಮಾಡುವುದಿಲ್ಲ, ಅದರ ಬಾಯಲ್ಲಿ ಮನೆಯೇ ಇದೆ. ಇದು ನಮ್ಮ ಮಕ್ಕಳು, ಅದರಲ್ಲೂ ನಾಚಿಕೆ ಕಲಿಸಿದ ಮಕ್ಕಳು ಮಾತ್ರ ಮಾಡುವ ತಪ್ಪು. ಅರಸೀಕೆರೆಯ ಬಸ್ಸು ಬಂತು. ಅದರ ಬೋರ್ಡಿನಲ್ಲಿ ಎತ್ವ ಇದ್ದದ್ದನ್ನು ನೋಡಿ ಅವಳು ಸಮಾಧಾನದಿಂದ ಹತ್ತಿದಳು.

ಮುಂದಿನ ವಾರವೇ ‘ನಮ್ಮ ಪರಿಸರ’ ಎಂದು ಪ್ರಬಂಧ ಬರೆಸಿದರು. ಮಗಳು ಬರೆದದ್ದನ್ನು ಹಾಗೆಯೇ ಕೊಡುತ್ತೇನೆ.

‘ನಮ್ಮ ಕೇರೆಯಲ್ಲಿ ತುಂಬಾ ಮನೆಗಳಿವೆ. ಒಂದು ಬೇವಿನ ಮರ ಇದೆ. ನಮ್ಮ ಅಜ್ಜೆ ಒಂದು ಕುರೆ ಮರೆ ಸಾಕಿದ್ದಾಳೆ. ಅದಕ್ಕೆ ಚಳೆ ಆದರೆ ಅಜ್ಜೆ ಗೋಣೆಚೀಲ ಹೊದಿಸುತ್ತಾಳೆ. ನಾಯೆ ಬಂದರೆ ಅದು ಅಜ್ಜೆಯ ಹತ್ತಿರ ಓಡುತ್ತದೆ. ನಮ್ಮ ಅಜ್ಜೆ ಮಾತಾಡುವುದಿಲ್ಲ. ನನಗೆ ನಮ್ಮ ಕೇರೆ ಎಂದರೆ ಪ್ರೀತೆ.’

ಕೆಳಗೆ ಕೆಂಪು ಶಾಯಿಯಲ್ಲಿ ‘ತೀರಾ ಕಳಪೆ. ಮನೆಯಲ್ಲಿ ಗಮನ ಕೊಡಿ’ ಎಂದಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ‘ನಮ್ಮ ಅಜ್ಜೆ ಮಾತಾಡುವುದಿಲ್ಲ’ ಎನ್ನುವ ಸಾಲಿನಲ್ಲಿ ಅವರಿಗೆ ಕಂಡದ್ದು ಒಂದು ಕಾಗುಣಿತದ ತಪ್ಪು ಮಾತ್ರ, ಅದರ ಸುತ್ತ ಒಂದು ಸುತ್ತು. ನಾನು ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದೆ.

“ಮೊದ್ಲು ಕುರಿ ಅಂತ ಸರಿಯಾಗಿ ಬರೀತಿದ್ಲು ಟೀಚರ್, ಈಗ ಕುರೆ ಅಂತ ಬರ್ದಾಳ. ಇದು ಯಾವ ಮನಿಯಿಂದ ಬಂದ ತಪ್ಪು ಹೇಳ್ರಿ. ನಮ್ಮನ್ಯಾಗ ಯಾರೂ ಕುರೆ ಅನ್ನಂಗಿಲ್ಲ,” ಎಂದೆ.

ಅವರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಕನ್‌ಫ್ಯೂಸ್ ಆಗಿದೆ ಅಷ್ಟೆ ಮೇಡಂ,” ಎನ್ನುವಷ್ಟರಲ್ಲಿ ಅವರ ಫೋನು ಬಂತು. ಒಮ್ಮೆ ಕತ್ತರಿಸಿದರು, ಮತ್ತೆ ಬಂತು. ಮುಖ ಆ ಕಡೆ ತಿರುಗಿಸಿ, ದನಿ ತಗ್ಗಿಸಿ ಮಾತಾಡಿದರು. “ಹೂಂ ಬೇ ಅವ್ವ, ಸಾಲ್ಯಾಗ ಅದೀನಿ... ಗುಳಿಗಿ ತಗೊಂಡ್ಯಾ?... ಇಲ್ಬೇ, ಮನಿಗೆ ಬಂದ್ಮ್ಯಾಲ ಮಾತಾಡ್ತೀನಿ.”

ಸಾಲ್ಯಾಗ, ಗುಳಿಗಿ, ಮನಿ. ಇಸ್ತ್ರಿ ಮಾಡಿದ ಮಾತೆಲ್ಲ ಎಲ್ಲಿಗೆ ಹೋಯಿತೋ. ಎಷ್ಟು ಚೆನ್ನಾಗಿತ್ತು ಆ ದನಿ, ಎಷ್ಟು ಅಕ್ಕರೆಯಿತ್ತು ಅದರಲ್ಲಿ. ಅದೇ ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

“ನಿಮ್ಮ ಅವ್ವಾರು ಯಾವೂರವ್ರು ಟೀಚರ್?” ಎಂದೆ.

“ಹೊಳಲು,” ಎಂದರು. ಅವರ ಮುಖ ಕೆಂಪಾಗಿತ್ತು.

“ಈಗ ಅವ್ರ ಜೊತಿ ಮಾತಾಡಿದ್ರಲ್ಲ, ಇವತ್ತು ಬೋರ್ಡಿನ ಮ್ಯಾಲ ನಿಮಗೆಷ್ಟು ತಪ್ಪು ಬಿದ್ದಾವ್ರಿ?”

ಅವರು ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪನ್ನು ಹಾಕಿ ತೆಗೆದು ಮಾಡಿದರು. “ನಮಗೂ ಹಿಂಗ ಬೈದೇ ಕಲಿಸಿದ್ರು ಮೇಡಂ,” ಎಂದರು. ಆ ಸಾಲಿನಲ್ಲಿ ಅವರ ಊರು ಇನ್ನೂ ಸ್ವಲ್ಪ ಉಳಿದಿತ್ತು.

ಪಾಪ ಎನಿಸಿತು. ಆದರೆ ಪಾಪ ಎನಿಸಿದ ಮಾತ್ರಕ್ಕೆ ಸಿಟ್ಟು ಬಿಡಬೇಕೆಂದಿಲ್ಲ. ತಾನು ತಿಂದ ಏಟನ್ನು ತಂದು ಮುಂದಿನ ಮಕ್ಕಳ ಬೆನ್ನಿಗೆ ಇಳಿಸುವುದಕ್ಕೆ ಪಾಠ ಎನ್ನುವುದಾದರೆ, ಅಂಥ ಪಾಠ ನಮಗೆ ಬೇಡ. ಮೇಲಾಗಿ ಅವರ ಅವ್ವನ ಮಾತಿಗೆ ಕೇರಿ ಭಾಷೆ ಎಂದು ಯಾರೂ ಹೆಸರಿಟ್ಟಿರಲಿಕ್ಕಿಲ್ಲ. ನಾನು ಒಂದೇ ಒಂದು ಕೇಳಿಕೊಂಡೆ. ಅಜ್ಜಿ ಮಾತಾಡುವುದು ತಪ್ಪಲ್ಲ, ಅದು ಆಡುವ ಮಾತು, ಇದು ಬರೆಯುವ ಮಾತು ಎಂದು ಮಗುವಿಗೆ ನೀವೇ ಒಂದು ಸಲ ಹೇಳಿ, ನನ್ನ ಮಾತು ಅವಳು ನಂಬುತ್ತಿಲ್ಲ ಎಂದೆ.

“ನೋಡ್ತೀನಿ ಮೇಡಂ,” ಎಂದರು. ನೋಡುತ್ತೇನೆ ಎಂದರೆ ಏನೆಂದು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವ ನನಗೆ ಯಾರೂ ವಿವರಿಸಬೇಕಾಗಿಲ್ಲ. ಹೇಳಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಯೋಚಿಸಿದೆ. ಟೀಚರು ಓದಿ ಬರೆಸುವ ಶುದ್ಧಬರಹದಲ್ಲಿ ಈಚೆಗೆ ಮಗಳಿಗೆ ಎಲ್ಲವೂ ಸರಿ ಬರುತ್ತಿತ್ತು. ತಾನೇ ಬರೆದಾಗ ಮಾತ್ರ ತಪ್ಪು. ಯಾಕೆ? ಟೀಚರು ಈಗೀಗ ‘ಮ-ನೇ’ ಎಂದು ಎಳೆದು ಹೇಳುತ್ತಾರೆ, ‘ಕು-ರೀ’ ಎಂದು ಎಳೆದು ಹೇಳುತ್ತಾರೆ. ಉತ್ತರವನ್ನು ಬಾಯಲ್ಲಿಟ್ಟುಕೊಂಡೇ ಪ್ರಶ್ನೆ ಕೇಳಿದರೆ ಬರೆಯುವ ಕೈಗೆ ಕೆಲಸವೇನಿದೆ? ನಮ್ಮ ಮಕ್ಕಳಿಗೆ ಬೇಕಾದದ್ದು ಮನಿಯನ್ನೂ ಕುರಿಯನ್ನೂ ಒಂದೇ ರೀತಿ ಹೇಳುವ ಬಾಯಿ. ಯಾವುದು ಎತ್ವ, ಯಾವುದು ಗುಡಿಸು ಎಂದು ಮಗುವೇ ತಲೆ ಕೆರೆದುಕೊಂಡು ನಿರ್ಧರಿಸಬೇಕು. ಇದಕ್ಕೆ ಸೂತ್ರವಿಲ್ಲ. ಓದಿ ಓದಿ ಕಣ್ಣಿಗೆ ರೂಢಿಯಾಗಬೇಕು, ಬರೆದು ಬರೆದು ಕೈಗೆ ರೂಢಿಯಾಗಬೇಕು. ಅಂಥ ಬಾಯಿ ನಮ್ಮ ಮನೆಯಲ್ಲೇ ಇತ್ತು. ಅದಕ್ಕೆ ಬೀಗ ಹಾಕಿ ಕೂರಿಸಿದ್ದೆವು.

ಸಂಜೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. “ಟೀಚರ್ ಹೇಳಿದ್ದು ಬರಿಯೋದು ಸಣ್ಣ ಮಕ್ಕ್ಳ ಕೆಲ್ಸ. ಅವ್ರು ಉತ್ರ ಹೇಳಿಕೊಟ್ಟು ಬರಸ್ತಾರ. ಉತ್ರ ಮುಚ್ಚಿಟ್ಟು ಬರಸೋರು ನಮ್ಮೂರಾಗ ಒಬ್ರೇ ಅದಾರ. ಅವ್ರು ಹೇಳಿದ್ದು ಬರ್ಯಾಕ ಬಂತಂದ್ರ ನಿಂಗ ಜಗತ್ತಿನ್ಯಾಗ ಯಾರು ಹೇಳಿದ್ದೂ ಬರ್ತೈತಿ.”

ಸವಾಲು ಎಂದರೆ ಬಿಡದ ಹುಡುಗಿ. “ಯಾರು?” ಎಂದಳು.

ಅತ್ತೆ ಬಾಗಿಲ ಹತ್ತಿರ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಆ ಕಡೆ ನೋಡಿದೆ. ಮಗಳೂ ನೋಡಿದಳು. ಆಮೇಲೆ ಪಾಟಿ, ಬಳಪ ತೆಗೆದುಕೊಂಡು ಹೋಗಿ ಅಜ್ಜಿಯ ಮುಂದೆ ಕುಳಿತಳು.

“ಅಜ್ಜಿ, ಏನರ ಹೇಳು. ನಾ ಬರಿತೀನಿ.”

ಎಷ್ಟೋ ದಿನದ ಮೇಲೆ ಅವಳ ಬಾಯಲ್ಲಿ ನಮ್ಮ ಮಾತು ಬಂದಿತ್ತು. ಅತ್ತೆ ತಲೆಯಲ್ಲಾಡಿಸಿದರು. ಬಾಯ ಮೇಲೆ ಕೈ ಇಟ್ಟುಕೊಂಡರು. ಕೊನೆಗೆ, ಯಾರಿಗಾದರೂ ಕೇಳಿಸೀತು ಎನ್ನುವಂತೆ, “ಬ್ಯಾಡವ್ವ, ನಿಂಗ ತಪ್ಪು ಬೀಳ್ತಾವ,” ಎಂದರು.

“ತಪ್ಪು ಬಿದ್ರ ನಂದು ಬೇ. ಬರಿಯೋ ಕೈ ನಂದಲ್ಲ? ನಿನ್ನ ಬಾಯೇನು ಮಾಡೇತಿ?”

ಅತ್ತೆ ಮೊರವನ್ನು ಪಕ್ಕಕ್ಕಿಟ್ಟರು. ಗಂಟಲು ಸರಿಮಾಡಿಕೊಂಡರು. “ಹೊಟ್ಟಿ ತುಂಬ ರೊಟ್ಟಿ ತಿನ್ನು, ನನ್ನವ್ವ,” ಎಂದರು.

ಹೊಟ್ಟಿ, ರೊಟ್ಟಿ. ಬಾಯಲ್ಲಿ ಎರಡೂ ಅಕ್ಕತಂಗಿಯರು, ಹಾಳೆಯಲ್ಲಿ ಬೇರೆ ಬೇರೆ ಮನೆಯವರು. ಮಗಳು ಬಳಪವನ್ನು ಹಲ್ಲಿಗೆ ಕಚ್ಚಿಕೊಂಡು ಯೋಚಿಸಿದಳು. ಪುಸ್ತಕದಲ್ಲಿ ಕಂಡದ್ದನ್ನು ಕಣ್ಣು ಮುಚ್ಚಿ ನೆನೆಸಿಕೊಂಡಳು. ಹೊಟ್ಟೆ ಎಂದು ಬರೆದಳು. ರೊಟ್ಟೆ ಎಂದು ಬರೆದಳು. ನೋಡಿದಳು, ಎತ್ವವನ್ನು ಬೆರಳಿನಿಂದ ಒರೆಸಿ ಗುಡಿಸು ಹಾಕಿದಳು. ನಾನು ಒಲೆಯ ಹತ್ತಿರ ಹೋಗಿ ಅತ್ತುಬಿಟ್ಟೆ. ಇದನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ.

ಅಂದಿನಿಂದ ನಮ್ಮ ಮನೆಯಲ್ಲಿ ಅಜ್ಜಿಯೇ ಪರೀಕ್ಷಾಧಿಕಾರಿ. ರೊಟ್ಟಿ ಬಡಿಯುತ್ತ, ಕುರಿಮರಿಗೆ ಸೊಪ್ಪು ಹಾಕುತ್ತ ಬಾಯಿಗೆ ಬಂದದ್ದು ಹೇಳುವರು, ಮಗಳು ಬರೆಯುವಳು, ಕಚೇರಿಯಿಂದ ಬಂದು ನಾನು ನೋಡುವೆನು. ತಪ್ಪಿದರೆ ಬೈಗುಳವಿಲ್ಲ, ಕೆಂಪು ಶಾಯಿಯಿಲ್ಲ. ಆ ಪದ ಪಾಠದಲ್ಲಿ ಎಲ್ಲಿದೆಯೋ ಹುಡುಕಿ ತೋರಿಸಬೇಕು, ಅಷ್ಟೆ. ಅತ್ತೆಗೂ ಆಟದ ರುಚಿ ಹತ್ತಿತು. ಒಂದು ದಿನ “ಅಗಸ ಕತ್ತಿ ಮ್ಯಾಲ ಕತ್ತಿ ಇಟ್ಟು ಹೋದ, ಬರಿ ನೋಡಾಮು,” ಎಂದು ಕಣ್ಣು ಹೊಡೆದರು. ನಮ್ಮ ಬಾಯಲ್ಲಿ ಹೊರೆ ಹೊರುವ ಪ್ರಾಣಿಯೂ ಕತ್ತಿ, ಹರಿತವಾದ ಆಯುಧವೂ ಕತ್ತಿ. ಮಗಳು ಬಿದ್ದು ಬಿದ್ದು ನಕ್ಕು ‘ಕತ್ತೆ ಮೇಲೆ ಕತ್ತಿ’ ಎಂದು ಬರೆದು ಪಾಟಿಯನ್ನು ತಲೆಯ ಮೇಲೆ ಎತ್ತಿ ಹಿಡಿದಳು. ಎದುರು ಮನೆಯ ಮೆಕ್ಯಾನಿಕ್ ಸಾಹೇಬರ ಮಕ್ಕಳೂ ಪಾಟಿ ಹಿಡಿದು ಬರತೊಡಗಿದರು. ಮನೆಯಲ್ಲಿ ಮತ್ತೆ ಗದ್ದಲ, ಮತ್ತೆ ನನಗೆ ತಲೆನೋವು.

ಮಕ್ಕಳ ಕಾಗುಣಿತ ಸರಿಯಿಲ್ಲ ಎಂದು ಗೋಳಾಡುವವರು ನನ್ನನ್ನು ಕೇಳಿದರೆ ಇಷ್ಟೇ ಹೇಳುತ್ತೇನೆ. ಹಾಳೆಯಲ್ಲಿನ ತಪ್ಪನ್ನು ಹಾಳೆಯಲ್ಲಿ ತಿದ್ದಿ, ಅದಕ್ಕಾಗಿ ಯಾರ ಮನೆಯ ಬಾಯಿಗೂ ಕೈ ಹಾಕಬೇಡಿ. ಮನಿ ಎನ್ನುವ ಮಗುವಿಗೆ ಮನೆ ಎಂದು ಬರೆಯಲು ಕಲಿಸುವುದು ಕೆಲವು ತಿಂಗಳ ಕೆಲಸ. ತನ್ನ ಅಜ್ಜಿಯ ಮಾತೇ ಒಂದು ತಪ್ಪು ಎಂದು ನಂಬಿದ ಮಗುವಿನಿಂದ ಆ ನಂಬಿಕೆಯನ್ನು ಅಳಿಸುವುದು ಎಷ್ಟು ದಿನದ ಕೆಲಸ ಎಂದು ನನಗೆ ಇನ್ನೂ ತಿಳಿದಿಲ್ಲ. ಈಗಲೂ ಹೊರಗಿನವರು ಮನೆಗೆ ಬಂದರೆ ಅವಳು ಅಜ್ಜಿಯ ಕಡೆ ಒಮ್ಮೆ ನೋಡುತ್ತಾಳೆ.

ವರ್ಷದ ಕೊನೆಯಲ್ಲಿ ಅಂಕಪಟ್ಟಿ ಬಂತು. ಕನ್ನಡದಲ್ಲಿ ಒಳ್ಳೆಯ ಅಂಕ. ಅದರ ಎದುರು ಟೀಚರ ದುಂಡನೆಯ ಅಕ್ಷರದಲ್ಲಿ ‘ಮನೆಯ ಭಾಷಾ ವಾತಾವರಣ ಸುಧಾರಿಸಿದೆ. ಅಭಿನಂದನೆಗಳು’ ಎಂದಿತ್ತು. ನಾನು ಎರಡು ಸಲ ಓದಿದೆ. ಅಷ್ಟು ತಿಂಗಳು ಬೆಳಗಿನಿಂದ ಮಲಗುವವರೆಗೆ ಈ ಮನೆಯಲ್ಲಿ ಅಜ್ಜಿಯ ಮಾತಲ್ಲದೆ ಬೇರೆ ವಾತಾವರಣವೇ ಇರಲಿಲ್ಲ. ನನ್ನ ಮುಖ ನೋಡಿ ಅತ್ತೆ ಗಾಬರಿಯಾದರು.

“ಏನವ್ವ, ಏನ್ ಬರ್ದಾರ? ಮತ್ತ ತಪ್ಪು ಬಿದ್ದಾವೇನು?”

ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು. “ಇಲ್ಬೇ ಅಜ್ಜಿ, ನೀ ಸುಧಾರಿಸೀಯಂತ.”

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು ಅಂಕಪಟ್ಟಿಯನ್ನು ದೂರದಿಂದಲೇ ನೋಡಿದರು. “ನಾನಾ?” ಎಂದರು. “ನಾ ಇದ್ದಂಗ ಅದೀನಿ.”

ಅಂಕಪಟ್ಟಿಯ ಕೆಳಗೆ ‘ಪಾಲಕರ ಅಭಿಪ್ರಾಯ’ ಎಂದು ಒಂದು ಖಾಲಿ ಜಾಗವಿತ್ತು. ನಾನು ಪೆನ್ನನ್ನು ಮಗಳ ಕೈಗೆ ಕೊಟ್ಟೆ. ಅಜ್ಜಿ ಈಗ ಹೇಳಿದ್ದನ್ನು ಅಲ್ಲಿ ಬರಿ ಎಂದೆ.

ಅವಳು ಸ್ವಲ್ಪ ತಡೆದು ಕೇಳಿದಳು. “ಅವ್ವ, ಪುಸ್ತಕದಾಗ ಇದ್ದಂಗ ಬರೀಲೋ, ಅಜ್ಜಿ ಹೇಳಿದಂಗ ಬರೀಲೋ?”

“ಅಜ್ಜಿ ಹೇಳಿದಂಗ.”

ಅವಳು ಬರೆದಳು. ‘ನಾ ಇದ್ದಂಗ ಅದೀನಿ.’ ಒಂದೂ ತಪ್ಪಿರಲಿಲ್ಲ. ಕೆಳಗೆ ನಾನು ಸಹಿ ಮಾಡಿದೆ.